ಕಡಲಿಗೆ ಹೊರಟಾಗ ಕೈಯಲ್ಲಿ ಯಾವ ಕಾಗದ?



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರಿಗೆ ಕಡಲು ಬಹಳ ದೂರ. ನಂದಿಯ ಆಸುಪಾಸಿನ ಬೆಟ್ಟಗಳಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಹಾದು ಆಂಧ್ರಪ್ರದೇಶಕ್ಕೆ ಇಳಿಯುತ್ತದೆ. ದಕ್ಷಿಣ ಪಿನಾಕಿನಿ ತಮಿಳುನಾಡಿನ ದಾರಿ ಹಿಡಿಯುತ್ತದೆ. ಎರಡೂ ಕೊನೆಗೆ ಸೇರುವುದು ಬಂಗಾಳ ಕೊಲ್ಲಿಯನ್ನೇ. ದಾರಿಯಲ್ಲಿ ಅವುಗಳನ್ನು ಯಾರೂ ತಡೆದು ‘ನೀನು ಯಾರು, ಯಾವಾಗ ಹುಟ್ಟಿದೆ’ ಎಂದು ಕೇಳುವುದಿಲ್ಲ. ಅದೇ ಕೊಲ್ಲಿಯ ದಡದಲ್ಲಿ ನಿಂತು ಹಡಗು ಹತ್ತಲು ಹೊರಟ ನಮ್ಮನ್ನು ಕೇಳುತ್ತಾರೆ. ಆ ಪ್ರಶ್ನೆಗೆ ಬಾಯಿಂದ ಉತ್ತರ ಹೇಳಿದರೆ ಸಾಲದು. ಕಾಗದ ಉತ್ತರ ಹೇಳಬೇಕು.

ಇಂದು ನಾನು ಮಾತನಾಡಲು ಹೊರಟಿರುವುದು ಆ ಕಾಗದದ ವಿಷಯವನ್ನೇ. ಇದೆಲ್ಲ ಅಪ್ಪ-ಅಮ್ಮ ನೋಡಿಕೊಳ್ಳುವ ಕೆಲಸ ಎಂದು ನಿಮಗೆ ಅನ್ನಿಸಬಹುದು. ನಮ್ಮ ಮನೆಯಲ್ಲೂ ಹಾಗೆಯೇ ಅಂದುಕೊಂಡಿದ್ದರು. ಏನಾಯಿತು ಎಂಬುದನ್ನು ಮೊದಲು ಹೇಳುತ್ತೇನೆ.

ನನ್ನ ತಂಗಿಯ ಮನೆ ಶಿಡ್ಲಘಟ್ಟದಲ್ಲಿ. ಅವರದು ರೇಷ್ಮೆ ನೂಲು ತೆಗೆಯುವ ಕಸುಬು. ಬೆಳಗಾದರೆ ಗೂಡಿನ ಮಾರುಕಟ್ಟೆ, ರಾತ್ರಿಯಾದರೆ ಲೆಕ್ಕ. ಊರು ಬಿಟ್ಟು ನಾಲ್ಕು ದಿನ ಹೋಗುವುದೆಂದರೆ ಅವರಿಗೆ ದೊಡ್ಡ ಮಾತು. 2023ರ ಜೂನ್ ತಿಂಗಳಲ್ಲಿ ಚೆನ್ನೈಯಿಂದ ಶ್ರೀಲಂಕೆಗೆ ಪ್ರವಾಸಿ ಹಡಗು ಹೊರಡತೊಡಗಿತು. ಮಕ್ಕಳ ಒತ್ತಾಯಕ್ಕೆ ತಂಗಿಯ ಗಂಡ ಮನಸ್ಸು ಮಾಡಿದರು. ಆಗಸ್ಟ್ ತಿಂಗಳಿಗೆ ನಾಲ್ಕು ಟಿಕೆಟ್ ಆಯಿತು. ಟಿಕೆಟ್ ಮಾಡಿಕೊಟ್ಟವರು ಕೇಳಿದ್ದು ಒಂದೇ ಮಾತು: “ಎಲ್ಲರಿಗೂ ಪಾಸ್‌ಪೋರ್ಟ್ ಇದೆಯಲ್ಲ?” ಇತ್ತು. ಗಂಡ, ಹೆಂಡತಿ, ಮಗಳು ಮೂವರದೂ 2019ರ ಜನವರಿಯಲ್ಲಿ ಒಟ್ಟಿಗೇ ಆಗಿತ್ತು, ಚಿಕ್ಕವನದು 2021ರಲ್ಲಿ. ಅಪ್ಪ ತಮ್ಮದನ್ನು ತೆರೆದು ನೋಡಿದರು. 2029ರವರೆಗೆ ಅವಧಿ. ‘ಒಟ್ಟಿಗೇ ಮಾಡಿಸಿದ್ದಲ್ಲವೇ’ ಎಂದು ಮಿಕ್ಕವನ್ನು ತೆರೆಯದೆ ಚೀಲದೊಳಗೆ ಇಟ್ಟರು.

ಚೆನ್ನೈ ಬಂದರಿನಲ್ಲಿ ಮಗಳ ಪಾಸ್‌ಪೋರ್ಟ್ ತೆರೆದ ಸಿಬ್ಬಂದಿ ಬೆರಳು ಮಡಿಸಿ ತಿಂಗಳು ಎಣಿಸಿದರು. 2019ರ ಜನವರಿಯಲ್ಲಿ ಆಕೆಗೆ ಹನ್ನೊಂದು ವರ್ಷ. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಆಯುಸ್ಸು. ಅದು ಮುಗಿಯುವುದು 2024ರ ಜನವರಿಯಲ್ಲಿ. ಇನ್ನು ಐದು ತಿಂಗಳು ಬಾಕಿ. ಶ್ರೀಲಂಕೆ ಕೇಳುವುದು, ಅಲ್ಲಿ ಇಳಿಯುವ ದಿನದಿಂದ ಕನಿಷ್ಠ ಆರು ತಿಂಗಳು. ಒಂದು ತಿಂಗಳ ಕೊರತೆಗೆ ಹುಡುಗಿ ದಡದಲ್ಲೇ ಉಳಿದಳು.

ಎಲ್ಲರೂ ವಾಪಸು ಹೋಗೋಣ ಎಂದು ಅಪ್ಪ ಹೇಳಿದರಂತೆ. ತಮ್ಮನ ಮುಖ ನೋಡಿ ಆಕೆಯೇ “ನೀವಿಬ್ಬರೂ ಹೋಗಿ ಬನ್ನಿ” ಎಂದಳಂತೆ. ತಾಯಿ, ಮಗಳು ರಾತ್ರಿ ರೈಲು ಹಿಡಿದು ಬೆಂಗಳೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಶಿಡ್ಲಘಟ್ಟ ಸೇರಿದರು. ಮರುದಿನ ಆಕೆ ನನಗೆ ಫೋನು ಮಾಡಿದಳು. ಅಳಲಿಲ್ಲ. “ಮಾಮ, ಪಾಸ್‌ಪೋರ್ಟ್ ಇನ್ನೂ ಮುಗಿದಿಲ್ಲ, ಆದರೂ ಮುಗಿದಿದೆ ಅಂತಾರೆ. ಇದು ಯಾವ ಲೆಕ್ಕ?” ಎಂದು ಕೇಳಿದಳು. ವಿಜ್ಞಾನ ಓದಿದವನು ನಾನು. ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಮೂಲ ಮಾತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದ ಡಾ. ಎಚ್. ನರಸಿಂಹಯ್ಯನವರು ಜೀವನವಿಡೀ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟದ್ದು ಪ್ರಶ್ನೆ ಕೇಳುವುದನ್ನು. ಕಾಗದಪತ್ರಗಳ ವಿಷಯದಲ್ಲೂ ಪ್ರಶ್ನೆಯಿಂದಲೇ ಆರಂಭಿಸೋಣ. ತಪಾಸಣೆಯ ಕಟ್ಟೆಯಲ್ಲಿ ಕುಳಿತವರು ಕೇಳುವ ಪ್ರಶ್ನೆಗಳು ನಾಲ್ಕೇ. ಈ ಹೆಸರಿನ ವ್ಯಕ್ತಿ ನೀನೇ ಹೌದೋ? ನಿನ್ನ ವಯಸ್ಸೆಷ್ಟು? ನೀನು ಯಾರ ಮಗ, ಯಾರ ಮಗಳು? ನೀನು ಯಾವ ದೇಶದ ಪ್ರಜೆ? ಒಂದೊಂದು ಕಾಗದ ಇವುಗಳಲ್ಲಿ ಕೆಲವಕ್ಕೆ ಮಾತ್ರ ಉತ್ತರ ಹೇಳುತ್ತದೆ. ಯಾವ ಕಾಗದ ದೊಡ್ಡದು, ಯಾವುದು ಚಿಕ್ಕದು ಎಂಬುದಲ್ಲ. ಯಾವುದು ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ತಿಳಿಯಬೇಕು.

ಜನನ ಪ್ರಮಾಣಪತ್ರವನ್ನು ತೆಗೆದುಕೊಳ್ಳಿ. ಅದು ಎರಡನೆಯ ಮತ್ತು ಮೂರನೆಯ ಪ್ರಶ್ನೆಗೆ ಚೆನ್ನಾಗಿ ಉತ್ತರ ಹೇಳುತ್ತದೆ. ಆದರೆ ಅದರಲ್ಲಿ ಭಾವಚಿತ್ರವಿಲ್ಲ. ಆ ಪತ್ರ ಹಿಡಿದು ನಿಂತಿರುವ ಹುಡುಗ ಪತ್ರದಲ್ಲಿರುವ ಹುಡುಗನೇ ಎಂದು ಅದು ಹೇಳಲಾರದು. ಇನ್ನೊಂದು ತೊಡಕೂ ಉಂಟು. ಎಷ್ಟೋ ಮನೆಗಳಲ್ಲಿ ಮಗುವಿಗೆ ನಾಮಕರಣವಾಗುವ ಮುಂಚೆಯೇ ಆಸ್ಪತ್ರೆಯಿಂದ ಜನನದ ವರದಿ ಹೋಗಿರುತ್ತದೆ. ಹೀಗಾಗಿ ಪ್ರಮಾಣಪತ್ರದಲ್ಲಿ ಅಪ್ಪ-ಅಮ್ಮನ ಹೆಸರು ಇರುತ್ತದೆ, ಮಗುವಿನ ಹೆಸರಿನ ಜಾಗ ಖಾಲಿ! 1969ರ ಜನನ ಮರಣ ನೋಂದಣಿ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ, ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆ ಮೇಲೆ 15 ವರ್ಷದವರೆಗೆ ತಡವಾದದ್ದಕ್ಕೆ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಈ ಹದಿನೈದು ವರ್ಷ ಎಂಬುದನ್ನು ಗಮನಿಸಿ. ಎಂಟು, ಒಂಬತ್ತನೆಯ ತರಗತಿಯಲ್ಲಿರುವವರಿಗೆ ಆ ಬಾಗಿಲು ಮುಚ್ಚುವ ಕಾಲ ಹತ್ತಿರದಲ್ಲಿದೆ. ಇವತ್ತೇ ಮನೆಯಲ್ಲಿ ಕೇಳಿ ನೋಡಿ.

ಎರಡನೆಯದು ಆಧಾರ್. ಇದರಲ್ಲಿ ಭಾವಚಿತ್ರವಿದೆ, ಬೆರಳಚ್ಚು ಮತ್ತು ಕಣ್ಣಿನ ಗುರುತು ದಾಖಲಾಗಿದೆ. ಹಾಗಾಗಿ ಮೊದಲನೆಯ ಪ್ರಶ್ನೆಗೆ ಇದು ಒಳ್ಳೆಯ ಉತ್ತರ. ಆದರೆ ನಾಲ್ಕನೆಯದಕ್ಕೆ ಅಲ್ಲ. ಆಧಾರ್ ಪೌರತ್ವಕ್ಕೆ ಸಾಕ್ಷಿಯಲ್ಲ ಎಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. ವಯಸ್ಸಿನ ವಿಷಯದಲ್ಲೂ ಅದು ಗಟ್ಟಿ ಪುರಾವೆಯಲ್ಲ. 2024ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ, ವಯಸ್ಸನ್ನು ನಿರ್ಧರಿಸಲು ಆಧಾರ್‌ಗಿಂತ ಶಾಲೆ ಬಿಟ್ಟ ಪ್ರಮಾಣಪತ್ರವನ್ನೇ ಒಪ್ಪಿಕೊಂಡಿತು. ನಿಮ್ಮ ವಯಸ್ಸಿನವರು ನೆನಪಿಡಬೇಕಾದ ಮತ್ತೊಂದು ಸಂಗತಿ ಇದೆ. ಐದನೆಯ ವಯಸ್ಸಿನಲ್ಲಿ ತೆಗೆದ ಭಾವಚಿತ್ರಕ್ಕೂ ಹದಿನಾರರ ಮುಖಕ್ಕೂ ಹೋಲಿಕೆ ಎಲ್ಲಿಂದ ಬರಬೇಕು? ಅದಕ್ಕಾಗಿಯೇ 15 ತುಂಬಿದ ಮೇಲೆ ಭಾವಚಿತ್ರ, ಬೆರಳಚ್ಚು, ಕಣ್ಣಿನ ಗುರುತನ್ನು ಮತ್ತೆ ಕೊಡಲೇಬೇಕು ಎಂಬ ನಿಯಮವಿದೆ. 15ರಿಂದ 17ರೊಳಗೆ ಹೋದರೆ ಇದಕ್ಕೆ ಹಣ ಕೊಡಬೇಕಾಗಿಲ್ಲ.

ಮೂರನೆಯದು ನಿಮ್ಮ ಶಾಲೆ, ಕಾಲೇಜಿನ ಗುರುತಿನ ಚೀಟಿ. ರೈಲಿನಲ್ಲಿ ಇದು ನಡೆಯುತ್ತದೆ. ಒಂದೇ ಟಿಕೆಟ್ಟಿನಲ್ಲಿ ಮನೆಮಂದಿಯೆಲ್ಲ ಹೋಗುವಾಗ ಒಬ್ಬರು ಚೀಟಿ ತೋರಿಸಿದರೂ ಸಾಕು. ದೇಶದೊಳಗಿನ ವಿಮಾನದಲ್ಲಿ, ಗುರುತಿನ ಚೀಟಿ ಇರುವ ತಂದೆ-ತಾಯಿಯ ಜೊತೆ ಹೋಗುವ ಮಕ್ಕಳಿಂದ ಬೇರೆ ಚೀಟಿ ಕೇಳುವುದಿಲ್ಲ. ನೇಪಾಳಕ್ಕೆ ಹೋಗುವ 15ರಿಂದ 18ರ ವಯಸ್ಸಿನವರಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಟ್ಟ ಪ್ರಮಾಣಪತ್ರಕ್ಕೂ ಬೆಲೆಯಿದೆ. ಇದನ್ನೆಲ್ಲ ನೋಡಿ ನೋಡಿ ‘ಮಕ್ಕಳಿಗೆ ಯಾರು ಏನು ಕೇಳುತ್ತಾರೆ’ ಎಂಬ ಧೈರ್ಯ ನಮ್ಮ ಮನೆಗಳಲ್ಲಿ ಬಂದಿದೆ. ಹಡಗಿನಲ್ಲಿ ಈ ಧೈರ್ಯ ಕೆಲಸಕ್ಕೆ ಬಾರದು. ಹಡಗಿನಲ್ಲಿ ಇರುವ ಪ್ರತಿಯೊಬ್ಬರ ಹೆಸರಿನ ಪಟ್ಟಿ ಹೊರಡುವ ಮುಂಚೆಯೇ ಸಿದ್ಧವಾಗಬೇಕು. ನಡುಗಡಲಿನಲ್ಲಿ ಏನಾದರೂ ಆದರೆ ಎಷ್ಟು ಜನ ಇದ್ದರು, ಯಾರು ಯಾರು ಇದ್ದರು ಎಂದು ಹೇಳುವುದು ಆ ಪಟ್ಟಿಯೇ. ಅದರಲ್ಲಿ ‘ಅಪ್ಪ ಮತ್ತು ಮಕ್ಕಳು’ ಎಂದು ಬರೆಯಲು ಬರುವುದಿಲ್ಲ. ಪ್ರತಿ ಹೆಸರಿಗೂ ಒಂದು ಕಾಗದ ಬೇಕು.

ಪ್ಯಾನ್ ಕಾರ್ಡಿನ ಬಗ್ಗೆಯೂ ಒಂದು ಮಾತು. ಬ್ಯಾಂಕಿನ ಕೆಲಸಕ್ಕೆಂದು ಕೆಲವರು ಮಕ್ಕಳಿಗೂ ಅದನ್ನು ಮಾಡಿಸಿರುತ್ತಾರೆ. ಆದರೆ 18 ತುಂಬದವರ ಪ್ಯಾನ್ ಕಾರ್ಡಿನಲ್ಲಿ ಭಾವಚಿತ್ರವೇ ಇರುವುದಿಲ್ಲ. ಅದು ಪ್ರಯಾಣಕ್ಕೆ ಗುರುತಿನ ಚೀಟಿ ಆಗಲಾರದು.

ಇನ್ನು ಉಳಿದದ್ದು ಪಾಸ್‌ಪೋರ್ಟ್. ನಾಲ್ಕೂ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಹೇಳುವುದು ಇದೊಂದೇ. ಹಿಂದೆ ಇದನ್ನು ರಹದಾರಿ ಎನ್ನುತ್ತಿದ್ದರು, ಒಳ್ಳೆಯ ಮಾತು. ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಬಂದರು. ಆ ಕಾಲದಲ್ಲಿ ಪಾಸ್‌ಪೋರ್ಟ್ ಇಂದಿನಂತೆ ಕಡ್ಡಾಯವಿರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಆ ಕಟ್ಟುಪಾಡು ಬಂತು. 1920ರಲ್ಲಿ ಭಾರತಕ್ಕೆ ಬರುವವರ ಪಾಸ್‌ಪೋರ್ಟ್ ಬಗ್ಗೆ ಕಾನೂನೇ ಆಯಿತು. ಸ್ವಾತಂತ್ರ್ಯದ ನಂತರವೂ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಇಷ್ಟ ಎಂಬಂತಿತ್ತು. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೆಯ ವಿಧಿ ಕೊಟ್ಟ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ತೀರ್ಪು ಕೊಟ್ಟಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ಅಂದರೆ ಪಾಸ್‌ಪೋರ್ಟ್ ಯಾರೋ ದಯೆಯಿಂದ ಕೊಡುವ ಚೀಟಿಯಲ್ಲ, ಕಾನೂನಿನ ಪ್ರಕಾರ ಕೇಳಿ ಪಡೆಯುವಂಥದ್ದು. ಶಿಡ್ಲಘಟ್ಟದ ಹುಡುಗಿಗೂ ಆ ಹಕ್ಕು ಇದೆ.

ಈಗ ಆಕೆಯ ಲೆಕ್ಕಕ್ಕೆ ಬರೋಣ. 18 ತುಂಬದವರ ಪಾಸ್‌ಪೋರ್ಟಿಗೆ ಐದು ವರ್ಷ, ಇಲ್ಲವೇ 18 ತುಂಬುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಅವಧಿ. ಹತ್ತನೆಯ ವಯಸ್ಸಿನಲ್ಲಿ ಮಾಡಿಸಿದರೆ ಹದಿನೈದಕ್ಕೆ ಮುಗಿಯುತ್ತದೆ. ಹದಿನಾಲ್ಕರಲ್ಲಿ ಮಾಡಿಸಿದರೆ ಐದು ವರ್ಷ ಸಿಗುವುದಿಲ್ಲ, ಹದಿನೆಂಟಕ್ಕೇ ಮುಗಿಯುತ್ತದೆ. ಇದರಿಂದ ಆರು ತಿಂಗಳು ಕಳೆಯಿರಿ. ಹದಿನಾಲ್ಕರಲ್ಲಿ ಮಾಡಿಸಿದ ಪಾಸ್‌ಪೋರ್ಟ್, ಆರು ತಿಂಗಳು ಕೇಳುವ ದೇಶಗಳ ಮಟ್ಟಿಗೆ, ಹದಿನೇಳೂವರೆಗೇ ನಿಂತುಹೋಗುತ್ತದೆ. ಸರಿಯಾಗಿ ನೀವು ಎರಡನೆಯ ಪಿ.ಯು.ಸಿ. ಮುಗಿಸಿ ರಜೆಯಲ್ಲಿರುವ ಹೊತ್ತಿಗೆ!

ಈ ಆರು ತಿಂಗಳು ಯಾಕೆ? ಪ್ರವಾಸಕ್ಕೆ ಹೋದವರು ಅಲ್ಲಿ ಕಾಯಿಲೆ ಬೀಳಬಹುದು. ಬಿರುಗಾಳಿಗೆ ಹಡಗು ನಿಲ್ಲಬಹುದು. ನಾಲ್ಕು ದಿನದ ಪ್ರವಾಸ ನಾಲ್ಕು ತಿಂಗಳಾಗಬಹುದು. ಅಷ್ಟರಲ್ಲಿ ಪಾಸ್‌ಪೋರ್ಟಿನ ಅವಧಿ ಮುಗಿದರೆ ಅವರು ಪರದೇಶದಲ್ಲಿ ಕಾಗದವಿಲ್ಲದವರಾಗುತ್ತಾರೆ. ಹಾಗಾಗಬಾರದೆಂದು ಎಷ್ಟೋ ದೇಶಗಳು ಈ ಅಂತರವನ್ನು ಇಟ್ಟಿವೆ. ಪಾಸ್‌ಪೋರ್ಟ್ ಮುಗಿಯದೆಯೇ ಮುಗಿಯುವ ಲೆಕ್ಕ ಇದು.

ಇದಕ್ಕೆ ಪರಿಹಾರವೂ ಕಾನೂನಿನಲ್ಲೇ ಇದೆ. 15 ತುಂಬಿ 18 ತುಂಬದವರು ಇಚ್ಛೆಪಟ್ಟರೆ ಪೂರ್ತಿ ಹತ್ತು ವರ್ಷದ ಪಾಸ್‌ಪೋರ್ಟನ್ನೇ ಕೇಳಬಹುದು. ಮಕ್ಕಳ ಪಾಸ್‌ಪೋರ್ಟಿಗೆ ಶುಲ್ಕ 1,000 ರೂಪಾಯಿ. ಹತ್ತು ವರ್ಷದ 36 ಪುಟದ್ದಕ್ಕೆ 1,500 ರೂಪಾಯಿ. ಐನೂರು ರೂಪಾಯಿ ಹೆಚ್ಚು, ಆದರೆ ಪದವಿ ಮುಗಿಯುವವರೆಗೆ ಯೋಚನೆಯಿಲ್ಲ. ಅರ್ಜಿಗೆ ತಂದೆ-ತಾಯಿಯ ಒಪ್ಪಿಗೆಯ ಹೇಳಿಕೆ ಬೇಕು. ಒಬ್ಬರೇ ಪೋಷಕರು ಇರುವ ಮನೆಯವರು ಹಿಂಜರಿಯಬೇಕಾಗಿಲ್ಲ. ಅವರಿಗಾಗಿ ಬೇರೆ ನಮೂನೆಯ ಹೇಳಿಕೆ ಇದೆ. 2016ರ ಡಿಸೆಂಬರಿನಲ್ಲಿ ಸಡಿಲಿಸಿದ ನಿಯಮದಂತೆ ತಂದೆ, ತಾಯಿ ಅಥವಾ ಪಾಲಕರಲ್ಲಿ ಒಬ್ಬರ ಹೆಸರು ಕೊಟ್ಟರೂ ಸಾಕು.

ಹಾಗಾದರೆ ಹಡಗು ಹತ್ತುವವರೆಲ್ಲ ಪಾಸ್‌ಪೋರ್ಟ್ ಮಾಡಿಸಲೇಬೇಕೇ? ಇಲ್ಲ. ಹಡಗು ಯಾವ ಬಂದರು ಮುಟ್ಟುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಮುಂಬಯಿಯಿಂದ ಗೋವಾಕ್ಕೆ ಹೋಗುವ ಹಡಗು ಭಾರತ ಬಿಟ್ಟು ಎಲ್ಲೂ ಇಳಿಯುವುದಿಲ್ಲ. ಚೆನ್ನೈಯಿಂದ ಅಂಡಮಾನಿಗೆ ಮೂರು ದಿನ ನಡುಗಡಲಿನಲ್ಲಿ ಸಾಗಿದರೂ ನೀವು ಸೇರುವುದು ಭಾರತವನ್ನೇ. ಇಂಥಲ್ಲಿ ಭಾವಚಿತ್ರವಿರುವ ಸರ್ಕಾರಿ ಚೀಟಿ, ಅಂದರೆ ನಿಮ್ಮ ವಯಸ್ಸಿಗೆ ಆಧಾರ್, ಸಾಕಾಗುತ್ತದೆ. ಲಕ್ಷದ್ವೀಪದ್ದು ನಡುವಿನ ಸ್ಥಿತಿ. ಕೊಚ್ಚಿಯಿಂದ 220ರಿಂದ 440 ಕಿಲೋಮೀಟರ್ ದೂರದ ಆ ದ್ವೀಪಗಳು ನಮ್ಮವೇ. ಆದರೂ 1967ರ ನಿಯಮಗಳ ಪ್ರಕಾರ ದ್ವೀಪದವರಲ್ಲದ ಭಾರತೀಯರು ಅಲ್ಲಿಗೆ ಹೋಗಲು ಪ್ರವೇಶ ಪರವಾನಗಿ ಪಡೆಯಬೇಕು. ಅಲ್ಲಿನ ಜನರ ಬದುಕು, ಕಿರಿದಾದ ನೆಲ, ಹವಳದ ದಿಬ್ಬಗಳು ಹೊರಗಿನವರ ನೂಕುನುಗ್ಗಲಿಗೆ ಸಿಗಬಾರದೆಂದು ಈ ಏರ್ಪಾಡು. ಪಾಸ್‌ಪೋರ್ಟ್ ಬೇಡ, ಪರವಾನಗಿ ಬೇಕು.

ಮೂರನೆಯದು ಪರದೇಶದ ಬಂದರು ಮುಟ್ಟುವ ಹಡಗು. ಹತ್ತುವುದೂ ಚೆನ್ನೈ, ಇಳಿಯುವುದೂ ಚೆನ್ನೈ ಆಗಿದ್ದರೂ ನಡುವೆ ಶ್ರೀಲಂಕೆ ಇದ್ದರೆ ಪಾಸ್‌ಪೋರ್ಟ್ ಇಲ್ಲದೆ ಆಗದು. ‘ನಾವು ದಡಕ್ಕೇ ಇಳಿಯುವುದಿಲ್ಲ, ಹಡಗಿನಲ್ಲೇ ಇರುತ್ತೇವೆ’ ಎಂಬ ಮಾತೂ ನಡೆಯದು. ವೀಸಾ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಒಂದು ದೇಶಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಹಡಗು ಹತ್ತಿ, ಬೇರೆ ದೇಶ ನೋಡಿ, ಮತ್ತೆ ಅದೇ ದೇಶಕ್ಕೆ ಮರಳಿದರೆ, ನೀವು ಆ ದೇಶವನ್ನು ಪ್ರವೇಶಿಸಿದ್ದು ಒಂದು ಸಲವಲ್ಲ, ಎರಡು ಸಲ. ಒಂದೇ ಪ್ರವೇಶಕ್ಕೆ ಕೊಟ್ಟ ವೀಸಾ ಆಗ ಸಾಲದು.

ಕಾಗದ ಯಾವುದೇ ಇರಲಿ, ಹೆಸರು ಒಂದೇ ಇರಬೇಕು. ನಮ್ಮ ಕಡೆಯವರಿಗೆ ಇದೇ ದೊಡ್ಡ ತಲೆನೋವು. ನಮ್ಮಲ್ಲಿ ಮನೆತನದ ಹೆಸರು ಹಾಕುವ ರೂಢಿ ಕಡಿಮೆ. ತಂದೆಯ ಹೆಸರಿನದೋ ಊರಿನದೋ ಮೊದಲಕ್ಷರವನ್ನು ಇನಿಷಿಯಲ್ ಮಾಡಿಕೊಳ್ಳುತ್ತೇವೆ. ಕವಿತಾ ಎನ್. ಎಂಬ ಹುಡುಗಿ ಇದ್ದಾಳೆ ಎನ್ನಿ. ಆಧಾರ್‌ನಲ್ಲಿ ಆಕೆ ಕವಿತಾ ಎನ್., ಶಾಲೆಯ ದಾಖಲೆಯಲ್ಲಿ ಎನ್. ಕವಿತಾ, ಜನನ ಪ್ರಮಾಣಪತ್ರದಲ್ಲಿ ಬರೀ ಕವಿತಾ. ಇಂಗ್ಲಿಷಿನಲ್ಲಿ ‘ತಾ’ ಬರೆಯುವಾಗ ಒಬ್ಬರು ‘ಟಿ’ ಹಾಕಿದರೆ ಇನ್ನೊಬ್ಬರು ‘ಟಿ’ ಜೊತೆಗೆ ‘ಎಚ್’ ಹಾಕಿದ್ದಾರೆ. ಪಾಸ್‌ಪೋರ್ಟ್ ಅರ್ಜಿಯಂತೂ ಇನಿಷಿಯಲ್ ಒಪ್ಪುವುದಿಲ್ಲ. ‘ಎನ್’ ಎಂದರೆ ನಾಗರಾಜೋ ನಾರಾಯಣಪ್ಪನೋ ಬಿಡಿಸಿ ಬರೆಯಿರಿ ಎನ್ನುತ್ತದೆ. ಓದುವ ನಮಗೆ ಎಲ್ಲವೂ ಒಬ್ಬಳೇ ಕವಿತಾ. ಯಂತ್ರಕ್ಕೆ ನಾಲ್ಕು ಜನ ಬೇರೆ ಬೇರೆ ಹುಡುಗಿಯರು. ಒಂಟಿ ಹೆಸರಿನವರಿಗೂ ತೊಂದರೆ ತಪ್ಪಿದ್ದಲ್ಲ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲ ಎಂದಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರು ಇದ್ದರೆ ಒಪ್ಪಬಹುದು ಎಂದು ಆ ಮೇಲೆ ಸಡಿಲಿಸಿತು.

ಊರಿನ ಹೆಸರೂ ಕಾಡುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕೆ ಮುಂಚೆ ಈ ತಾಲ್ಲೂಕುಗಳೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದವು. ಹಾಗಾಗಿ ನಿಮ್ಮ ತಂದೆಯವರ ಕಾಗದದಲ್ಲಿ ಚಿಂತಾಮಣಿ ಕೋಲಾರ ಜಿಲ್ಲೆಯಲ್ಲಿದೆ, ನಿಮ್ಮದರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಎರಡೂ ಸರಿಯೇ. ಅರ್ಜಿ ತುಂಬುವಾಗ ಮಾತ್ರ ನಿಮ್ಮ ಜನನ ಪ್ರಮಾಣಪತ್ರದಲ್ಲಿ ಹೇಗಿದೆಯೋ ಹಾಗೆಯೇ ಬರೆಯಿರಿ. ಚಿಕ್ಕಬಳ್ಳಾಪುರವನ್ನೂ ಶಿಡ್ಲಘಟ್ಟವನ್ನೂ ಇಂಗ್ಲಿಷಿನಲ್ಲಿ ಬರೆಯುವ ಬಗೆ ಹಲವು. ಒಂದನ್ನು ಹಿಡಿದು ಅದನ್ನೇ ಎಲ್ಲ ಕಡೆ ಬಳಸಿ. ಸಣ್ಣಪುಟ್ಟ ವ್ಯತ್ಯಾಸ ದೊಡ್ಡವರನ್ನೂ ಬಿಟ್ಟಿಲ್ಲ. ವಿಶ್ವೇಶ್ವರಯ್ಯನವರು ಹುಟ್ಟಿದ ದಿನ ಸೆಪ್ಟೆಂಬರ್ 15 ಎಂಬುದು ಎಲ್ಲರಿಗೂ ಗೊತ್ತು. ವರ್ಷ ಮಾತ್ರ ಕೆಲವು ಕಡೆ 1860, ಕೆಲವು ಕಡೆ 1861 ಎಂದು ಅಚ್ಚಾಗಿದೆ. ಅವರಿಗೆ ಅದರಿಂದ ತೊಂದರೆಯಾಗಲಿಲ್ಲ. ನಮಗೆ ಆಗುತ್ತದೆ.

ಯಂತ್ರ ಎಂದೆನಲ್ಲ, ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. ಪಾಸ್‌ಪೋರ್ಟಿನಲ್ಲಿ ಭಾವಚಿತ್ರವಿರುವ ಪುಟದ ತಳಭಾಗದಲ್ಲಿ ಎರಡು ಸಾಲು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಿವೆ. ಪ್ರತಿ ಸಾಲಿನಲ್ಲೂ ಸರಿಯಾಗಿ 44 ಮನೆ. ಇದು ಯಂತ್ರ ಓದುವ ಭಾಗ. ಜಗತ್ತಿನ ಎಲ್ಲ ಪಾಸ್‌ಪೋರ್ಟಿಗೂ ಒಂದೇ ಕ್ರಮ. ಜನ್ಮದಿನಾಂಕವನ್ನು ಅಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಆರು ಅಂಕಿಗಳಲ್ಲಿ ಬರೆದು, ಪಕ್ಕದಲ್ಲಿ ಏಳನೆಯದಾಗಿ ಒಂದು ಕಾವಲು ಅಂಕಿ ಇಟ್ಟಿರುತ್ತಾರೆ. ಅದನ್ನು ನೀವೇ ಕಂಡುಹಿಡಿಯಬಹುದು. 2007ರ ನವೆಂಬರ್ 14ರಂದು ಹುಟ್ಟಿದವರ ದಿನಾಂಕ 071114. ಈ ಅಂಕಿಗಳನ್ನು ಕ್ರಮವಾಗಿ 7, 3, 1, ಮತ್ತೆ 7, 3, 1ರಿಂದ ಗುಣಿಸಿ. ಸೊನ್ನೆ, 21, 1, 7, 3, 4 ಬರುತ್ತದೆ. ಕೂಡಿದರೆ 36. ಹತ್ತರಿಂದ ಭಾಗಿಸಿದಾಗ ಉಳಿಯುವ ಶೇಷ 6. ಅದೇ ಕಾವಲು ಅಂಕಿ. ಯಾರಾದರೂ 2007ನ್ನು 2008 ಎಂದು ತಿದ್ದಿದರೆ ಮೊತ್ತ 39 ಆಗುತ್ತದೆ, ಶೇಷ 9 ಬರುತ್ತದೆ. ಪಕ್ಕದಲ್ಲಿರುವ 6ಕ್ಕೆ ಹೊಂದುವುದಿಲ್ಲ. ಯಂತ್ರ ಕೂಡಲೇ ತಪ್ಪು ಎನ್ನುತ್ತದೆ. ಆಧಾರ್‌ನ ಹನ್ನೆರಡನೆಯ ಅಂಕಿಯೂ ಇಂಥದೇ ಒಂದು ಕಾವಲುಗಾರ, ಅದರ ಲೆಕ್ಕ ಮಾತ್ರ ಬೇರೆ. ಮನೆಯಲ್ಲಿ ಪಾಸ್‌ಪೋರ್ಟ್ ಇದ್ದರೆ ಇವತ್ತು ಸಂಜೆ ಈ ಲೆಕ್ಕ ಮಾಡಿ ನೋಡಿ. ಆ ನೆಪದಲ್ಲಾದರೂ ಅವಧಿ ಮುಗಿಯುವ ದಿನಾಂಕ ನಿಮ್ಮ ಕಣ್ಣಿಗೆ ಬೀಳುತ್ತದೆ.

ನಮ್ಮ ಜಿಲ್ಲೆಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮನೆಗಳೂ ಇವೆ. ಅಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬರುತ್ತದೆ. ಅಮೆರಿಕದ ಒಂದು ಬಂದರಿನಿಂದ ಹೊರಟು, ಕೆರಿಬಿಯನ್ ದ್ವೀಪಗಳನ್ನು ಸುತ್ತಿ, ಅದೇ ಬಂದರಿಗೆ ಮರಳುವ ಹಡಗುಗಳಿವೆ. ಇವುಗಳಲ್ಲಿ ಮರಳಿ ಬರುವಾಗ 16 ತುಂಬದ ಅಮೆರಿಕನ್ ಪ್ರಜೆಗೆ ಜನನ ಪ್ರಮಾಣಪತ್ರ ಸಾಕು. 16 ದಾಟಿದವರು ಅದರ ಜೊತೆಗೆ ಭಾವಚಿತ್ರವಿರುವ ಸರ್ಕಾರಿ ಚೀಟಿ ತೋರಿಸಬೇಕು. ಈಗ ಒಂದು ಮನೆ ಊಹಿಸಿಕೊಳ್ಳಿ. ಅಕ್ಕ ಹುಟ್ಟಿದ್ದು ಚಿಂತಾಮಣಿಯಲ್ಲಿ, ತಮ್ಮ ಹುಟ್ಟಿದ್ದು ಅಮೆರಿಕದಲ್ಲಿ. ಒಂದೇ ಹಡಗು, ಒಂದೇ ಊಟದ ಮೇಜು. ಆದರೆ ತಮ್ಮನಿಗೆ ಜನನ ಪ್ರಮಾಣಪತ್ರ ಸಾಕಾದರೆ, ಭಾರತದ ಪ್ರಜೆಯಾದ ಅಕ್ಕನಿಗೆ ಭಾರತದ ಪಾಸ್‌ಪೋರ್ಟೂ ಅಮೆರಿಕಕ್ಕೆ ಮರಳಲು ಸರಿಯಾದ ವೀಸಾವೂ ಬೇಕು. ತಮ್ಮನಿಗೂ ಪಾಸ್‌ಪೋರ್ಟ್ ಇದ್ದರೇ ಕ್ಷೇಮ. ದ್ವೀಪದಲ್ಲಿ ಊರು ನೋಡುತ್ತಾ ಹೊತ್ತು ಮೀರಿ ಹಡಗು ತಪ್ಪಿದರೆ ವಿಮಾನದಲ್ಲಿ ಮರಳಬೇಕಾಗುತ್ತದೆ. ವಿಮಾನಕ್ಕೆ ಜನನ ಪ್ರಮಾಣಪತ್ರ ನಡೆಯದು. ಎಲ್ಲವೂ ಸರಿಯಾಗಿ ನಡೆದ ದಿನಕ್ಕೆ ಸಾಕಾಗುವ ಕಾಗದ ಬೇರೆ, ಎಲ್ಲವೂ ಕೆಟ್ಟ ದಿನಕ್ಕೆ ಬೇಕಾಗುವ ಕಾಗದ ಬೇರೆ. ಆಯ್ಕೆ ಮಾಡುವಾಗ ಕೆಟ್ಟ ದಿನವನ್ನು ನೆನೆಯುವುದೇ ಜಾಣತನ.

ಹಾಗೆಂದು ಹೆದರಬೇಕಾಗಿಲ್ಲ. ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದುಹೋದರೂ ಅಲ್ಲಿನ ನಮ್ಮ ರಾಯಭಾರ ಕಚೇರಿ, ಭಾರತಕ್ಕೆ ಒಮ್ಮೆ ಮರಳಲು ತುರ್ತು ಪ್ರಮಾಣಪತ್ರ ಕೊಡುತ್ತದೆ. ಅದಕ್ಕೆ ಪಾಸ್‌ಪೋರ್ಟಿನ ನಕಲು ಪ್ರತಿ ಬಹಳ ಸಹಾಯಕ. ಅಸಲು ಒಂದು ಚೀಲದಲ್ಲಿ, ನಕಲು ಇನ್ನೊಂದು ಚೀಲದಲ್ಲಿ ಇರಲಿ. ಎಲ್ಲವೂ ಮೊಬೈಲಿನಲ್ಲಿದೆ ಎಂದು ನಂಬಿ ಹೊರಡಬೇಡಿ. ನಡುಗಡಲಿನಲ್ಲಿ ಸಿಗ್ನಲ್ ಇರುವುದಿಲ್ಲ.

ನಿಮ್ಮ ವಯಸ್ಸು ವಿಚಿತ್ರವಾದದ್ದು. ಮತದಾರರ ಚೀಟಿಗೆ ಇನ್ನೂ ಚಿಕ್ಕವರು, ಅಮ್ಮನ ಕೈಹಿಡಿದು ನುಸುಳಿಬಿಡಲು ದೊಡ್ಡವರು. ಮುಖ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ. ಆದರೆ ಹೆಸರು, ಜನ್ಮದಿನಾಂಕ ಈಗಲೇ ಗಟ್ಟಿಯಾಗುತ್ತಿವೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದದ್ದು ಜೀವನವಿಡೀ ನಿಮ್ಮ ಹಿಂದೆ ಬರುತ್ತದೆ. ಪರೀಕ್ಷೆಗೆ ಮುಂಚೆ ಶಾಲೆಯಲ್ಲಿ ನಾಮಿನಲ್ ರೋಲ್ ತಯಾರಿಸುವಾಗ ನಿಮಗೆ ತೋರಿಸಿ ಸಹಿ ಹಾಕಿಸುತ್ತಾರೆ. ಹುಡುಗರು ಗೆಳೆಯನ ಬೆನ್ನ ಮೇಲೆ ಹಾಳೆ ಇಟ್ಟು ನೋಡದೆ ಸಹಿ ಹಾಕುವುದನ್ನು ಕಂಡಿದ್ದೇನೆ. ಹಾಗೆ ಮಾಡಬೇಡಿ. ಆ ಎರಡು ನಿಮಿಷ ನಿಮ್ಮ ಹೆಸರಿನ ಪ್ರತಿ ಅಕ್ಷರವನ್ನೂ ಬೆರಳಿಟ್ಟು ಓದಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ, ವ್ಯತ್ಯಾಸವಿದ್ದರೆ ಮುಖ್ಯೋಪಾಧ್ಯಾಯರಿಗೆ ಆಗಲೇ ಹೇಳಿ. ಅಂದು ಒಂದು ಅರ್ಜಿಯಲ್ಲಿ ಆಗುವ ಕೆಲಸ ನಾಳೆ ಹತ್ತು ಕಚೇರಿ ಅಲೆದರೂ ಸುಲಭವಾಗಿ ಆಗದು.

ಕೊನೆಯದಾಗಿ ನನ್ನ ತಂಗಿಯ ಮಗಳ ಸಮಾಚಾರ. ಚೆನ್ನೈಯಿಂದ ಮರಳಿದ ವಾರವೇ ಆಕೆ ಮನೆಯ ಬೀರುವಿನಲ್ಲಿದ್ದ ಕಾಗದಗಳನ್ನೆಲ್ಲ ಹರಡಿಕೊಂಡು ಕುಳಿತಳು. ಒಂದು ನೋಟ್ ಪುಸ್ತಕದಲ್ಲಿ ಗೆರೆ ಎಳೆದು, ಯಾರದು, ಯಾವ ಕಾಗದ, ಹೆಸರು ಹೇಗಿದೆ, ಯಾವಾಗ ಮುಗಿಯುತ್ತದೆ ಎಂದು ಬರೆದಳು. ಪ್ರತಿ ಪಾಸ್‌ಪೋರ್ಟಿನ ಎದುರು ಎರಡು ದಿನಾಂಕ: ಒಂದು ಅಚ್ಚಾಗಿರುವುದು, ಇನ್ನೊಂದು ಅದರಿಂದ ಆರು ತಿಂಗಳು ಕಳೆದದ್ದು. ಹದಿನೈದು ದಾಟಿದ್ದರಿಂದ ಹತ್ತು ವರ್ಷದ ಪಾಸ್‌ಪೋರ್ಟಿಗೆ ತಾನೇ ಅರ್ಜಿ ತುಂಬಿದಳು. ಅಪ್ಪ-ಅಮ್ಮ ಸಹಿ ಮಾತ್ರ ಹಾಕಿದರು. ಆಕೆ ಇನ್ನೂ ಹಡಗು ಹತ್ತಿಲ್ಲ. ಗೂಡಿನ ಧಾರಣೆ ಕೈಗೂಡಿದ ವರ್ಷ ನೋಡೋಣ ಎಂದು ಅವರಪ್ಪ ಹೇಳುತ್ತಾರೆ. ಆದರೆ ಈಗ ಅವರ ಮನೆಯಲ್ಲಿ ಯಾರು ಎಲ್ಲಿಗೆ ಹೊರಟರೂ ಮೊದಲು ಕೇಳುವುದು ಆಕೆಯನ್ನು. ಅಜ್ಜಿಯ ಆಧಾರ್‌ನಲ್ಲಿ ಹುಟ್ಟಿದ ವರ್ಷ ತಪ್ಪಾಗಿದ್ದುದನ್ನು ಕಂಡುಹಿಡಿದವಳೂ ಆಕೆಯೇ.

ನಿಮ್ಮ ಮನೆಯಲ್ಲಿ ಆ ನೋಟ್ ಪುಸ್ತಕ ಬರೆಯುವವರು ಯಾರು? ಬರುವ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ನೀವೇ ಆರಂಭಿಸಿ. ಕಡಲು ಎಲ್ಲಿಗೂ ಓಡಿಹೋಗುವುದಿಲ್ಲ. ನೀವು ಹೊರಟ ದಿನ ದಡದಲ್ಲಿ ಉಳಿಯದಂತೆ ಆಗಲಿ ಎಂದು ಹಾರೈಸುತ್ತೇನೆ.